ಕೈತೋಟದ ಅಳತೆ ಅಡುಗೆಮನೆಯಲ್ಲಿದೆ

ನಿವೃತ್ತಿಯ ಹೊಸ್ತಿಲಲ್ಲಿರುವ ಗೆಳೆಯರೊಬ್ಬರು ಈಚೆಗೆ ದೂರವಾಣಿ ಮಾಡಿದ್ದರು. ತಾರಸಿಯ ಮೇಲೆ ತರಕಾರಿ ಬೆಳೆಯುವ ಮನಸ್ಸಾಗಿದೆಯಂತೆ. ಗ್ರೋ ಬ್ಯಾಗುಗಳ ದರ ವಿಚಾರಿಸಿ, ಹನಿ ನೀರಾವರಿಯ ಕೊಳವೆಗಳ ಲೆಕ್ಕ ಹಾಕಿ, ಬೀಜದ ಪಟ್ಟಿಯನ್ನೂ ಸಿದ್ಧಪಡಿಸಿಕೊಂಡಿದ್ದರು. ‘ಮೊದಲು ಏನು ಕೊಳ್ಳಲಿ?’ ಎಂದರು. ‘ಒಂದು ಬಕೆಟ್ಟು’ ಎಂದೆ. ಗಿಡ ನೆಡುವುದಕ್ಕೆ ಬಕೆಟ್ಟೇ ಒಳ್ಳೆಯದೆಂದು ಹೇಳುತ್ತಿದ್ದೇನೆ ಎಂದುಕೊಂಡರು. ಗಿಡಕ್ಕಲ್ಲ, ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಇಡುವುದಕ್ಕೆ ಎಂದಾಗ ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕುಬಿಟ್ಟರು.

ತಮಾಷೆಯಲ್ಲ. ಇದೇ ಪಾಠವನ್ನು ನಾನು ಕಲಿತದ್ದು ಸಾಕಷ್ಟು ದುಡ್ಡು ಕಳೆದುಕೊಂಡು, ಸ್ವಲ್ಪ ಮಾನವನ್ನೂ ಕಳೆದುಕೊಂಡ ಮೇಲೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಪ್ಪತ್ತನಾಲ್ಕು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ವಾಸ. ಕಾಲೇಜಿನ ಮೇಷ್ಟರ ಕೆಲಸದಿಂದ ಬಿಡುಗಡೆಯಾದ ವರ್ಷ ನಾನೂ ಗೆಳೆಯರ ಹಾಗೆಯೇ ಪಟ್ಟಿ ಹಿಡಿದು ಹೊರಟವನು. ಮೊದಲ ಹಂಗಾಮಿನಲ್ಲಿ ಆರು ಟೊಮೆಟೊ ಗಿಡ ನೆಟ್ಟೆ. ಚೀಲ, ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ, ಬೇವಿನ ಎಣ್ಣೆ ಎಲ್ಲ ಸೇರಿ 3,400 ರೂಪಾಯಿ ಖರ್ಚು ಬಿತ್ತು. ಸಿಕ್ಕಿದ ಹಣ್ಣು ಎಂಟು ಕಿಲೋ. ಕಿಲೋಗೆ 425 ರೂಪಾಯಿ ಬಿದ್ದ ಆ ಟೊಮೆಟೊವನ್ನು ನೆಂಟರಿಗೆಲ್ಲ ಎರಡೆರಡು ಹಂಚಿ, ‘ಮನೆಯಲ್ಲೇ ಬೆಳೆದದ್ದು’ ಎಂದು ಬೀಗಿದ್ದೂ ಉಂಟು. ತಿಪಟೂರು ಸೀಮೆಯಲ್ಲಿ ಹುಟ್ಟಿ, ತೆಂಗಿನ ಮಟ್ಟೆಯನ್ನು ಒಲೆಗೆ ತುರುಕುವುದನ್ನು ನೋಡುತ್ತಲೇ ಬೆಳೆದವನು ಅದರ ನಾರಿನ ಪುಡಿಯನ್ನು ಇಟ್ಟಿಗೆಯ ಆಕಾರದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾಯಿತಲ್ಲ ಎಂಬ ವಿಷಾದ ಮಾತ್ರ ಈಗಲೂ ಹೋಗಿಲ್ಲ.

ಆ ದಿನಗಳಲ್ಲಿ ನಮ್ಮಮ್ಮ ಒಂದು ಮಾತು ಹೇಳಿದ್ದಳು. ಊರ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದಿದ್ದ ಅವಳನ್ನು ಲಿಫ್ಟಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋಗಿ, ಸಾಲಾಗಿ ನಿಂತ ಚೀಲಗಳನ್ನು ಹೆಮ್ಮೆಯಿಂದ ತೋರಿಸಿದೆ. ಅವಳು ಗಿಡಗಳನ್ನು ನೋಡಲಿಲ್ಲ. ಸುತ್ತ ಕಣ್ಣಾಡಿಸಿ, ‘ಬಚ್ಚಲು ಎಲ್ಲಿದೆಯಪ್ಪಾ? ತಿಪ್ಪೆ ಎಲ್ಲಿದೆ?’ ಎಂದಳು. ತಾರಸಿಯ ಮೇಲೆ ತಿಪ್ಪೆ ಎಂಥದ್ದಮ್ಮ ಎಂದು ನಾನು ನಕ್ಕೆ. ಈಗ ಗೆಳೆಯರು ನಕ್ಕರಲ್ಲ, ಹಾಗೆಯೇ.

ನಮ್ಮ ಹಳ್ಳಿಯ ಹಿತ್ತಲನ್ನು ಯಾರೂ ‘ಆರಂಭಿಸಿದ್ದು’ ನನಗೆ ನೆನಪಿಲ್ಲ. ಬಚ್ಚಲಿನ ನೀರು ಹರಿದು ಹೋಗುವ ಕಡೆ ಎರಡು ಬಾಳೆ, ಒಂದಿಷ್ಟು ಕೆಸುವಿನ ಗಡ್ಡೆ. ಪಾತ್ರೆ ತೊಳೆಯುವ ಕಲ್ಲಿನ ಬಳಿ ಬಸಳೆ, ಪುದೀನ. ತಿಪ್ಪೆಯ ಅಂಚಿನಲ್ಲಿ ತಾನಾಗಿ ಎದ್ದ ಕುಂಬಳದ ಬಳ್ಳಿ. ಆಷಾಢದ ಆಚೀಚೆ ಕೊಟ್ಟಿಗೆಯ ಗೋಡೆ ಬದಿಗೆ ಊರಿದ ನಾಲ್ಕು ಕಾಳು ಚಪ್ಪರದವರೆ, ಚಳಿ ಬೀಳುವ ಹೊತ್ತಿಗೆ ಹೆಂಚಿನ ಮೇಲೆಲ್ಲ ಹಬ್ಬಿರುತ್ತಿತ್ತು. ಅಕ್ಕಿ ತೊಳೆದ ಕಲಗಚ್ಚು ಎಮ್ಮೆಗೆ. ಎಮ್ಮೆಯ ಸಗಣಿ ತಿಪ್ಪೆಗೆ. ತಿಪ್ಪೆಯ ಗೊಬ್ಬರ ಮತ್ತೆ ಹಿತ್ತಲಿಗೆ. ತೋಟಕ್ಕೆಂದು ಬಾವಿಯಿಂದ ನೀರು ಸೇದಿದರೆ ಅಜ್ಜಿ ಬೈಯುತ್ತಿದ್ದಳು. ಮನೆ ಎಷ್ಟು ಬಚ್ಚಲು ನೀರನ್ನು, ಎಷ್ಟು ಕಸವನ್ನು ಕೊಡುತ್ತಿತ್ತೋ ಅಷ್ಟೇ ಹಿತ್ತಲು. ನಾನು ತಾರಸಿಯ ವಿಸ್ತೀರ್ಣವನ್ನು ಟೇಪು ಹಿಡಿದು ಅಳೆದು ತೋಟ ಮಾಡಿದ್ದೆ. ಅಮ್ಮ ಕೇಳಿದ್ದು ಬೇರೆ ಅಳತೆಗೋಲನ್ನು.

ಇದು ಅರ್ಥವಾಗಲು 2024ರ ಮಾರ್ಚ್ ಬರಬೇಕಾಯಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ನಗರದ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದ್ದವು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿಪಡಿಸುವ ಸ್ಥಿತಿ ಬಂದಿತ್ತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಅದೇ ವಾರ ನಮ್ಮ ನಿವಾಸಿಗಳ ಸಂಘದ ಸಭೆ ನಡೆಯಿತು. ಮೂರನೇ ಮಹಡಿಯ ತರುಣಿಯೊಬ್ಬಳು, ಕೈಯಲ್ಲಿ ಎಂಟು ತಿಂಗಳ ಮಗು, ಎದ್ದು ನಿಂತು ಬಹಳ ಮೆತ್ತಗೆ ಕೇಳಿದಳು: ‘ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬದನೆ ಗಿಡಕ್ಕಿರುವ ನೀರು ನನ್ನ ಮಗುವಿನ ಸ್ನಾನಕ್ಕೆ ಇಲ್ಲವಲ್ಲ?’

ಆಗ ನನ್ನ ಬಳಿ 43 ಚೀಲಗಳಿದ್ದವು. ಮೇಲಿನ ತೊಟ್ಟಿಯ ನಲ್ಲಿಗೆ ಪೈಪು ಹಾಕಿ ನೀರುಣಿಸುತ್ತಿದ್ದೆ. ಆ ರಾತ್ರಿ ಕೂತು ಲೆಕ್ಕ ಹಾಕಿದರೆ ದಿನಕ್ಕೆ ಅರವತ್ತು ಲೀಟರಿಗೂ ಮಿಕ್ಕ ನೀರು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನೀರು ಪೂರೈಕೆಯ ಮಾನದಂಡ. ಎಂದರೆ ನನ್ನ ತೋಟ ಅರ್ಧ ಮನುಷ್ಯನ ನೀರನ್ನು ಕುಡಿಯುತ್ತಿತ್ತು. ಅದೂ ಎಂಥ ನೀರು! ನೂರು ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಸಿ, ಶುದ್ಧೀಕರಿಸಿ ತಂದ ನೀರು. ಆ ತರುಣಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಪರಿಸರಸ್ನೇಹಿ ಜೀವನಕ್ರಮದ ಬಗ್ಗೆ ಅದೇ ಸಂಘದಲ್ಲಿ ನಾನೇ ಹಿಂದೊಮ್ಮೆ ಉಪನ್ಯಾಸ ಕೊಟ್ಟಿದ್ದೆ ಎಂಬುದನ್ನು ಯಾರೂ ನೆನಪಿಸದೆ ಇದ್ದದ್ದು ಅವರ ದೊಡ್ಡತನ.

ಮರುದಿನ ಬೆಳಿಗ್ಗೆ ಅಮ್ಮ ಸಿಂಕಿನ ಬಳಿ ಬಕೆಟ್ಟು ತಂದಿಟ್ಟಳು. ಅಕ್ಕಿ, ಬೇಳೆ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು, ಕಾಳು ನೆನೆಹಾಕಿದ ನೀರು ಎಲ್ಲವೂ ಅದಕ್ಕೆ. ಸೋಪಿನ ನೀರು ಬೇಡ. ನೀರು ಶುದ್ಧೀಕರಿಸುವ ಯಂತ್ರ ಹೊರಚೆಲ್ಲುವ ಉಪ್ಪಿನಂಶದ ನೀರೂ ಕುಂಡದ ಮಣ್ಣಿಗೆ ನಿತ್ಯ ಸುರಿಯುವಂಥದ್ದಲ್ಲ, ಅದು ನೆಲ ಒರೆಸಲು ಸರಿ. ನಾಲ್ಕು ಜನರ ನಮ್ಮ ಮನೆಯಲ್ಲಿ ಒಂದು ವಾರ ಅಳೆದು ನೋಡಿದೆವು. ದಿನಕ್ಕೆ 17ರಿಂದ 20 ಲೀಟರ್. ಹದಿನೈದು ಲೀಟರ್ ಮಣ್ಣು ಹಿಡಿಯುವ ಒಂದು ಕುಂಡಕ್ಕೆ ಮಾರ್ಚಿನ ಬಿಸಿಲಿನಲ್ಲಿ ಸುಮಾರು ಒಂದೂವರೆ ಲೀಟರ್ ನೀರು ಬೇಕು. ಭಾಗಿಸಿದರೆ ಹನ್ನೆರಡು ಕುಂಡ. ನಮ್ಮ ಮನೆಗೆ ದಕ್ಕುವ ತೋಟ ಅಷ್ಟೇ.

ಟೊಮೆಟೊ, ಹೂಕೋಸು, ಗುಜರಾತಿನಿಂದ ತರಿಸಿದ್ದ ಯಾವುದೋ ಬಣ್ಣದ ದೊಣ್ಣೆಮೆಣಸಿನಕಾಯಿ ಒಣಗಿ ಹೋದವು. ಒಣಗಲು ಬಿಟ್ಟೆವು ಎನ್ನುವುದು ಸರಿಯಾದ ಮಾತು. ಉಳಿದುಕೊಂಡದ್ದು ಬಸಳೆ, ಕರಿಬೇವು, ದೊಡ್ಡಪತ್ರೆ, ಒಂದು ನುಗ್ಗೆ, ಹರಿವೆಯ ಎರಡು ತೊಟ್ಟಿಗಳು, ಅಮ್ಮನ ಚಪ್ಪರದವರೆಯ ಹಳೆಯ ಬಳ್ಳಿ. ಅಂದರೆ ನಮ್ಮೂರಿನ ಹಿತ್ತಲು ಹೆಚ್ಚುಕಡಿಮೆ ತಾನಾಗಿಯೇ ಮರಳಿ ಬಂದಿತ್ತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಜೀವನವಿಡೀ ಪಾಠ ಹೇಳಿದವನಿಗೆ ಅದರ ಕುಟುಕು ತಟ್ಟಿದ್ದು ಆಗಲೇ.

ಬರ ಮುಗಿಯಿತು, ಮಳೆ ಬಂತು, ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತವೂ ಉದ್ಘಾಟನೆಯಾಯಿತು. ಇನ್ನೇಕೆ ಈ ಕಲಗಚ್ಚಿನ ಪುರಾಣ ಎಂದು ಕೇಳಬಹುದು. ಆದರೆ 2025ರ ಫೆಬ್ರುವರಿಯಲ್ಲಿ ಜಲಮಂಡಳಿ ಅದೇ ನಿಷೇಧವನ್ನು ಮತ್ತೆ ಹೊರಡಿಸಬೇಕಾಯಿತು ಎಂಬುದನ್ನು ಮರೆಯಲಾಗದು. ಬೆಂಗಳೂರಿನಲ್ಲಿ ಬೇಸಿಗೆಯ ಕೈತೋಟ ಇನ್ನು ಮುಂದೆ ಖಾಸಗಿ ಹವ್ಯಾಸವಾಗಿ ಉಳಿಯುವುದಿಲ್ಲ. ನಲ್ಲಿ ನೀರಿನ ಮೇಲೆ ನಿಂತ ತೋಟ ಪಕ್ಕದ ಮನೆಯ ಕೊಡದಿಂದ ಕದ್ದ ತೋಟ. ಮಾತು ಒರಟಾಯಿತು, ಆದರೆ ಹಿಂತೆಗೆದುಕೊಳ್ಳಲಾರೆ.

ಇನ್ನು ಕಸ. 2014ರಲ್ಲಿ ಮಂಡೂರಿನ ಜನ ತಮ್ಮೂರಿಗೆ ಬರುವ ಬೆಂಗಳೂರಿನ ಕಸದ ಲಾರಿಗಳಿಗೆ ಅಡ್ಡ ನಿಂತದ್ದು ಅನೇಕ ಓದುಗರಿಗೆ ನೆನಪಿರಬಹುದು. ಅದಕ್ಕೂ ಮುನ್ನ ಮಾವಳ್ಳಿಪುರ, ಆನಂತರ ಮಿಟ್ಟಗಾನಹಳ್ಳಿ. ಊರ ಹೆಸರು ಬದಲಾಗುತ್ತದೆ, ನಮ್ಮ ಸಿಪ್ಪೆ ಅಲ್ಲಿ ಕೊಳೆಯುವುದು ಬದಲಾಗುವುದಿಲ್ಲ. ಹಸಿ ಕಸ, ಒಣ ಕಸ ಬೇರ್ಪಡಿಸಬೇಕೆಂಬ ನಿಯಮ ನಗರದಲ್ಲಿ ಕಡ್ಡಾಯವಾದದ್ದು 2012ರಲ್ಲಿ. ನಾವು ಬೇರ್ಪಡಿಸುತ್ತೇವೆ, ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಆಮೇಲೆ ಅಂಗಡಿಗೆ ಹೋಗಿ ಗೊಬ್ಬರದ ಪೊಟ್ಟಣ ಕೊಂಡು ತರುತ್ತೇವೆ. ನಮ್ಮ ಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿ ಕಸ ಬೀಳುತ್ತದೆ. ತೂತು ಕೊರೆದ ಎರಡು ಮಣ್ಣಿನ ಮಡಕೆಗಳಲ್ಲಿ ಅದನ್ನು ಸರದಿಯಂತೆ ತುಂಬುತ್ತೇವೆ. ಒಂದು ಪದರ ಸಿಪ್ಪೆ, ಅದನ್ನು ಮುಚ್ಚುವಷ್ಟು ಒಣ ಎಲೆ. ಒಣ ಎಲೆ ಕಡಿಮೆಯಾದರೆ ನಾತ, ಹುಳು; ಹೆಚ್ಚಾದರೆ ಕೊಳೆಯುವುದು ನಿಧಾನ. ವಾರಕ್ಕೊಮ್ಮೆ ಕೆದಕಿ ಗಾಳಿಯಾಡಿಸಿದರೆ ಎರಡು ತಿಂಗಳೊಳಗೆ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ. ತಿಂಗಳ ಮೂವತ್ತು ಕಿಲೋ ಕಸ ಆರೇಳು ಕಿಲೋಗೆ ಇಳಿಯುತ್ತದೆ. ಹನ್ನೆರಡು ಕುಂಡಗಳಿಗೆ ಅದು ಧಾರಾಳ. ನೀರಿನ ಲೆಕ್ಕವೂ ಗೊಬ್ಬರದ ಲೆಕ್ಕವೂ ಒಂದೇ ಸಂಖ್ಯೆಯ ಬಳಿಗೆ ಬಂದು ನಿಂತದ್ದು ನನಗೆ ಈಗಲೂ ಸೋಜಿಗ.

ತಾರಸಿಯ ಭಾರದ ವಿಚಾರವನ್ನು ಹುಮ್ಮಸ್ಸಿನಲ್ಲಿರುವವರು ಕೇಳಿಸಿಕೊಳ್ಳುವುದಿಲ್ಲ. ಆದರೂ ಹೇಳಬೇಕು. ಜನ ಓಡಾಡುವ ಸಮತಟ್ಟಾದ ಛಾವಣಿಯನ್ನು ನಮ್ಮ ದೇಶದ ನಿರ್ಮಾಣ ಸಂಹಿತೆಯ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆ ವಿನ್ಯಾಸಗೊಳಿಸುತ್ತಾರೆ. ಒಂದು ಅಡಿ ಆಳದ ಒದ್ದೆ ಮಣ್ಣು ಅದೇ ಚದರ ಮೀಟರಿನ ಮೇಲೆ ಐನೂರು ಕಿಲೋ ತೂಗುತ್ತದೆ. ಇಟ್ಟಿಗೆ ಕಟ್ಟಿ, ಮಣ್ಣು ತುಂಬಿ ತಾರಸಿಯನ್ನೇ ಮಡಿ ಮಾಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲಿ. ಮಣ್ಣು, ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿದರೆ ಹಗುರ. ಕುಂಡಗಳನ್ನು ನಡುಮಧ್ಯೆ ಗುಡ್ಡೆ ಹಾಕದೆ ತೊಲೆ, ಗೋಡೆಗಳ ನೇರಕ್ಕೆ ಅಂಚಿನಲ್ಲಿ ಬಿಡಿಬಿಡಿಯಾಗಿ ಇಟ್ಟರೆ ಕ್ಷೇಮ. ಸೋರುವ ತಾರಸಿಯಿದ್ದರೆ ಮೊದಲು ಅದರ ರಿಪೇರಿ, ಆಮೇಲೆ ಬೆಂಡೆ. ಇನ್ನೊಂದು ಮಾತು: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಛಾವಣಿ ಸಾಮಾನ್ಯವಾಗಿ ಎಲ್ಲ ನಿವಾಸಿಗಳ ಜಂಟಿ ಸ್ವತ್ತು. ಅನುಮತಿ ಕೇಳದೆ 43 ಚೀಲ ಇಟ್ಟಿದ್ದ ನಾನು ಈ ಕಾಯಿದೆಯನ್ನು ಓದಿದ್ದು ತೀರ ತಡವಾಗಿ. ಈಗ ಹನ್ನೆರಡು ಕುಂಡಗಳಿಗೆ ಸಂಘದ ಲಿಖಿತ ಒಪ್ಪಿಗೆಯಿದೆ. ಅಂದು ಪ್ರಶ್ನೆ ಕೇಳಿದ್ದ ತರುಣಿಯ ಮನೆಯ ಬಕೆಟ್ಟೂ ಈಗ ಬೆಳಿಗ್ಗೆ ಮೇಲೆ ಬರುತ್ತದೆ. ಅವಳಿಗೆಂದು ಎರಡು ಕುಂಡ ಹೆಚ್ಚು ಇಟ್ಟಿದ್ದೇವೆ.

ಏನು ಬೆಳೆಯಬೇಕು? ಸೊಪ್ಪು. ಮೊದಲ ವರ್ಷ ಸೊಪ್ಪಿನ ಹೊರತು ಬೇರೇನನ್ನೂ ಬೆಳೆಯಬೇಡಿ ಎನ್ನುವಷ್ಟು ನಾನು ಈ ವಿಷಯದಲ್ಲಿ ಹಟವಾದಿ. ಕಾಯಿ ಕಟ್ಟುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು, ಬಾಲ್ಕನಿಯೂ ಆದೀತು. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಸಾಂಬಾರ ಡಬ್ಬಿಯ ಮೆಂತ್ಯವನ್ನು ಒಂದು ರಾತ್ರಿ ನೆನೆಹಾಕಿ ಚೆಲ್ಲಿದರೆ ಇಪ್ಪತ್ತೈದು ದಿನದೊಳಗೆ ಕೊಯ್ಲು. ಕೊತ್ತಂಬರಿ ಬೀಜವನ್ನು ಮಾತ್ರ ಇಬ್ಭಾಗವಾಗುವಂತೆ ಉಜ್ಜಬೇಕು. ಮೊಳಕೆಗೆ ಹತ್ತು ದಿನದ ತಾಳ್ಮೆ ಬೇಕು. ಮಾರುಕಟ್ಟೆಯಿಂದ ತಂದ ಪುದೀನ, ಬಸಳೆಯ ಬಲಿತ ದಂಟನ್ನು ಎಲೆ ಬಿಡಿಸಿಕೊಂಡ ಮೇಲೆ ಚುಚ್ಚಿದರೆ ಬೇರು ಬಿಡುತ್ತದೆ. ಎರಡನೆಯ ವರ್ಷ ಬೆಂಡೆಗೆ ಕೈ ಹಾಕಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಳದಿ ನಂಜು ರೋಗವನ್ನು ತಡೆಯುವ ಗುಣಕ್ಕಾಗಿಯೇ ಹೊರತಂದ ಅರ್ಕಾ ಅನಾಮಿಕ ತಳಿ ನಮ್ಮ ಕುಂಡಗಳಲ್ಲಿ ಚೆನ್ನಾಗಿ ಬಂದಿದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು. ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಪಡಿಸಿದೆ. ಹಿಡಿಯಷ್ಟು ಹರಿವೆಗಾಗಿ ಮನೆಮಂದಿಗೆ ಜ್ವರ ತರಿಸುವುದು ಯಾವ ಜಾಣತನ?

ಇಷ್ಟಾಗಿ ಸಿಗುವುದೇನು? ವಾರಕ್ಕೆರಡು ದಿನ ಸೊಪ್ಪಿನ ಹುಳಿ, ಒಗ್ಗರಣೆಗೆ ಕರಿಬೇವು, ಚಳಿಗಾಲದಲ್ಲಿ ನಾಲ್ಕಾರು ಸಲ ಅವರೆ ಪಲ್ಯ. ತಾರಸಿ ತೋಟವೊಂದೇ ಕುಟುಂಬವನ್ನು ಸಾಕುತ್ತದೆ, ಮಾರುಕಟ್ಟೆಯ ವಿಷದಿಂದ ಪೂರ್ತಿ ಪಾರು ಮಾಡುತ್ತದೆ ಎಂಬ ಪ್ರಚಾರವನ್ನು ನಾನು ನಂಬುವುದಿಲ್ಲ. ಮುಕ್ಕಾಲುಪಾಲು ತರಕಾರಿ ಈಗಲೂ ಕೋಲಾರ, ಆನೇಕಲ್, ದೊಡ್ಡಬಳ್ಳಾಪುರದ ರೈತನಿಂದಲೇ ಬರಬೇಕು. ಆ ರೈತನೊಡನೆ ನಮ್ಮ ವ್ಯವಹಾರ ಎಂಥದ್ದು ಎಂಬ ಪ್ರಶ್ನೆ ನನಗೆ ಎದುರಾದದ್ದು ಕುಂಡದ ಮುಂದೆ ಕುಳಿತಾಗ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಇಡೀ ಮಧ್ಯಮ ವರ್ಗ ಬೊಬ್ಬೆ ಹೊಡೆಯಿತು, ನಾನೂ ಹೊಡೆದೆ. ನನ್ನದೇ ಟೊಮೆಟೊಗೆ 425 ಬಿದ್ದಿತ್ತು ಎಂಬುದು ಆಗ ನೆನಪಾಗಲಿಲ್ಲ. ಬೆಲೆ ಕುಸಿದು ಕೋಲಾರದ ರೈತ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ಚಿತ್ರ ಪತ್ರಿಕೆಯಲ್ಲಿ ಬಂದರೆ ‘ಪಾಪ’ ಎಂದು ಪುಟ ತಿರುಗಿಸುತ್ತೇವೆ.

ನಮ್ಮ ಬೀದಿಗೆ ಬರುವ ಸೊಪ್ಪಿನ ಅಜ್ಜಿಯೊಡನೆ ನಾನು ಮೆಂತ್ಯದ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತಿದ್ದವನು. ಮೊದಲ ಬಾರಿ ಮೆಂತ್ಯ ಬೆಳೆದಾಗ, ಎರಡು ಅಡಿ ಉದ್ದದ ತೊಟ್ಟಿಗೆ ಇಪ್ಪತ್ತನಾಲ್ಕು ದಿನ ನೀರು ಹನಿಸಿ, ಪಾರಿವಾಳ ಓಡಿಸಿ, ಕೊನೆಗೆ ಕಿತ್ತು ಕಟ್ಟಿದರೆ ಆದದ್ದು ಒಂದೇ ಒಂದು ಕಟ್ಟು. ಅದನ್ನು ತೋರಿಸಿದಾಗ ಆ ಅಜ್ಜಿ ಬಾಯ್ತುಂಬ ನಕ್ಕು, ‘ಈಗ ನೀವೇ ಒಂದು ರೇಟು ಹೇಳಿ ಸ್ವಾಮಿ, ನಾನು ಕೊಂಡ್ಕೋತೀನಿ’ ಎಂದಳು. ಅಂದಿನಿಂದ ಅವಳು ಹೇಳಿದ್ದೇ ಬೆಲೆ.

ಈ ನಗರಕ್ಕೆ ತೋಟ ಹೊಸದೇನಲ್ಲ. ಕರಗ ಹೊರುವ ತಿಗಳ ಸಮುದಾಯ ತಲೆಮಾರುಗಳ ಕಾಲ ಕೆರೆಯಂಗಳಗಳ ಸುತ್ತ ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಯನ್ನು ಸಾಕಿತು. ಅವರ ಬದುಕಿನೊಡನೆ ಬೆಸೆದುಕೊಂಡಿದ್ದ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸೀಮೆಬದನೆಯನ್ನು ತಮಿಳರು ಇಂದಿಗೂ ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ. ಊರಿನ ಹೆಸರು ಕಾಯಿಯಲ್ಲಿ ಉಳಿದಿದೆ, ಕಾಯಿ ಊರಲ್ಲಿ ಉಳಿದಿಲ್ಲ. ಆಡಳಿತಕ್ಕೂ ಈ ಬುದ್ಧಿ ಎಂದೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ನಗರದ ಕಸದಿಂದ ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಐವತ್ತು ವರ್ಷಗಳ ಬಳಿಕವೂ ಮಾಘ, ಫಾಲ್ಗುಣಗಳಲ್ಲಿ ಬಡಾವಣೆಗಳ ಬೀದಿಬದಿಯಲ್ಲಿ ಉದುರಿದ ಎಲೆಗೆ ಬೆಂಕಿ ಹಚ್ಚುವುದನ್ನು ಕಾಣುತ್ತೇವೆ. ಗೊಬ್ಬರದ ಮಡಕೆಗೆ ಬೇಕಾದ ಒಣ ಎಲೆ ಅದೇ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಅವು ಕೈತೋಟದ ಉತ್ತೇಜನಕ್ಕೆಂದು ಚೀಲ, ಬೀಜ ಹಂಚುವ ಯೋಚನೆ ಮಾಡುವುದಾದರೆ, ದಯವಿಟ್ಟು ಬೇಡ. ಪ್ರತಿ ಉದ್ಯಾನದ ಮೂಲೆಯಲ್ಲಿ ಎಲೆ ಸಂಗ್ರಹಿಸುವ ಒಂದು ಜಾಲರಿಯ ಗೂಡು ಕಟ್ಟಿ, ಬೇಕಾದವರು ಚೀಲದಲ್ಲಿ ತುಂಬಿಕೊಂಡು ಹೋಗಲಿ ಎಂದು ಫಲಕ ಹಾಕಿದರೆ ಸಾಕು. ಉಳಿದದ್ದನ್ನು ನಾವು ಮಾಡಿಕೊಳ್ಳುತ್ತೇವೆ.

ಗೆಳೆಯರು ವಾರದ ನಂತರ ಮತ್ತೆ ದೂರವಾಣಿ ಮಾಡಿದರು. ಬಕೆಟ್ಟು ಇಟ್ಟಿದ್ದರಂತೆ. ಗಂಡಹೆಂಡತಿ ಮತ್ತು ಮಗಳು, ಮೂರೇ ಜನ. ದಿನಕ್ಕೆ ಹದಿಮೂರು ಲೀಟರ್. ಎಂಟು ಕುಂಡ ಇಡಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಇಪ್ಪತ್ತು ತಂದುಬಿಟ್ಟಿದ್ದೀನಲ್ಲಪ್ಪಾ, ಮಿಕ್ಕ ಹನ್ನೆರಡನ್ನು ಏನು ಮಾಡಲಿ?’ ಎಂದರು. ಪಕ್ಕದಲ್ಲೇ ಕೂತು ಅವರೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ತುಂಬುತ್ತಿದ್ದ ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು ಹೇಳಿದಳು: ‘ಬೋರಲು ಹಾಕಿ ಇಡಪ್ಪಾ. ಮಳೆ ಬರುತ್ತಲ್ಲ, ಆಗ ಎತ್ತಿ ನಿಲ್ಲಿಸುವೆಯಂತೆ.’